ತಿರುವಿನಲ್ಲಿ ಗಾಡಿ ಮಗುಚಿದರೆ ತಪ್ಪು ಡ್ರೈವರ್‌ನದು ಮಾತ್ರವೇ?

ನಮ್ಮೂರ ಕೆರೆ ಏರಿ ಮುಗಿಯುವ ಕಡೆ ಒಂದು ತಿರುವಿದೆ. ಹೋದ ವರ್ಷ ಸುಗ್ಗಿ ಮುಗಿದ ಮೇಲೆ, ಒಂದು ಸಂಜೆ ಅಲ್ಲಿ ಮೂರು ಚಕ್ರದ ಗೂಡ್ಸ್ ಆಟೊ ಮಗುಚಿತು. ಹಿಂದೆ ಒಂಬತ್ತು ಜನ ಇದ್ದರು. ಬೀಗರ ಮನೆಯಲ್ಲಿ ಊಟ ಮುಗಿಸಿಕೊಂಡು ವಾಪಸ್ ಬರುತ್ತಿದ್ದವರು. ದೇವರು ದೊಡ್ಡವನು, ಯಾರ ಜೀವವೂ ಹೋಗಲಿಲ್ಲ. ನಮ್ಮ ಚಿಕ್ಕಮ್ಮನ ಕೈ ಮುರಿಯಿತು. ಒಬ್ಬ ಹುಡುಗನ ತಲೆಗೆ ಏಳು ಹೊಲಿಗೆ ಬಿತ್ತು. ಗಾಡಿ ಎತ್ತಿ ನಿಲ್ಲಿಸುವ ಮೊದಲೇ ಅಲ್ಲಿ ಸೇರಿದವರ ತೀರ್ಪು ಬಂದಾಗಿತ್ತು: “ಓವರ್ ಸ್ಪೀಡು. ಡ್ರೈವರ್‌ದೇ ತಪ್ಪು.”

ಡ್ರೈವರ್ ನಮ್ಮೂರ ಹುಡುಗನೇ. ಅವನು ಹೇಳಿದ್ದು ಒಂದೇ ಮಾತು. “ಮೂವತ್ತರ ಮೇಲೆ ಹೋಗ್ಲೇ ಇಲ್ಲ ಅಣ್ಣ.” ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಹಾಕಿಕೊಳ್ಳಲಿಲ್ಲ.

ನಾನು ಈಗ ಇರುವುದು ಜಾಲಹಳ್ಳಿ ಕ್ರಾಸ್ ಹತ್ತಿರ, ಬಾಡಿಗೆ ರೂಮಿನಲ್ಲಿ. ತುಮಕೂರು ರಸ್ತೆಯ ಪಕ್ಕ ಲಾರಿಗಳ ಸ್ಪ್ರಿಂಗ್ ಪಟ್ಟಿ ಸರಿ ಮಾಡುವ ಒಂದು ಅಂಗಡಿ ಇದೆ. ಬಗ್ಗಿದ ಪಟ್ಟಿಯನ್ನು ಕಾಯಿಸಿ, ಬಡಿದು, ಮತ್ತೆ ಬಿಲ್ಲಿನ ಹಾಗೆ ಮಾಡಿ ಜೋಡಿಸುತ್ತಾರೆ. ಅಲ್ಲಿನ ಹಿರಿಯ ಮೇಸ್ತ್ರಿ ನನಗೆ ಟೀ ಅಂಗಡಿಯ ಪರಿಚಯ. ಊರಿನ ಸುದ್ದಿ ಹೇಳಿದಾಗ ಅವರು ಕೇಳಿದ್ದು ಸ್ಪೀಡಿನ ವಿಷಯವನ್ನಲ್ಲ.

“ಗಾಡಿ ಅಡಿ ಯಾರಾದ್ರೂ ಬಗ್ಗಿ ನೋಡಿದ್ರಾ ಸಾರ್?”

ಯಾರೂ ನೋಡಿರಲಿಲ್ಲ. ಈ ಪ್ರಶ್ನೆಯನ್ನು ಅರವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಒಬ್ಬ ವಕೀಲ ಕೇಳಿದ್ದ. ಅದರಿಂದ ಆ ದೇಶದ ಕಾನೂನೇ ಬದಲಾಯಿತು. ಅದೇ ಕಾಲದಲ್ಲಿ ನಮ್ಮ ರಸ್ತೆಗಳ ಮೇಲೂ ಅದೇ ದೋಷದ ಕಾರೊಂದು ಓಡುತ್ತಿತ್ತು. ಮುಂದೆ ನಮ್ಮ ಬೆಂಗಳೂರಿನಲ್ಲೇ ಮೂರು ಚಕ್ರದ ಕಾರೊಂದು ತಯಾರಾಗಿ, ಆಮೇಲೆ ಅದಕ್ಕೆ ನಾಲ್ಕನೇ ಚಕ್ರ ಬಂತು. ಈ ಮೂರು ಕಥೆಗಳನ್ನು ಒಟ್ಟಿಗೆ ಹೇಳಿದರೆ ನಮ್ಮೂರ ತಿರುವಿನ ಕಥೆ ಅರ್ಥವಾಗುತ್ತದೆ.

ಸ್ಪ್ರಿಂಗ್‌ಗೆ ಎರಡು ಕೆಲಸ

ಎತ್ತಿನ ಗಾಡಿಗೆ ಸ್ಪ್ರಿಂಗ್ ಇಲ್ಲ. ಮರದ ಮೈ ನೇರವಾಗಿ ಅಚ್ಚಿನ ಮೇಲೆ ಕೂತಿರುತ್ತದೆ. ಚಕ್ರ ಕಲ್ಲು ಹತ್ತಿದರೆ ಆ ಪೆಟ್ಟು ನೆಟ್ಟಗೆ ನಮ್ಮ ಸೊಂಟಕ್ಕೆ. ಜಟಕಾ ಗಾಡಿಗೆ ಅಚ್ಚಿನ ಮೇಲೆ ಉಕ್ಕಿನ ಪಟ್ಟಿಗಳಿದ್ದವು. ಒಂದರ ಮೇಲೊಂದು ಜೋಡಿಸಿದ, ಬಿಲ್ಲಿನಂತೆ ಬಾಗಿದ ಪಟ್ಟಿಗಳು. ಇಂದಿಗೂ ಲಾರಿ, ಟೆಂಪೊಗಳ ಅಡಿಯಲ್ಲಿ ಇರುವುದು ಅದೇ. ಇದಕ್ಕೆ ಲೀಫ್ ಸ್ಪ್ರಿಂಗ್ ಎನ್ನುತ್ತಾರೆ.

ಸ್ಪ್ರಿಂಗ್ ಇರುವುದು ಕೂತವರ ಸುಖಕ್ಕೆ ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಅರ್ಧ ಸತ್ಯ. ಇನ್ನೊಂದು ಕೆಲಸ ಅದಕ್ಕಿಂತ ದೊಡ್ಡದು. ಹಳ್ಳ ಬರಲಿ, ದಿಬ್ಬ ಬರಲಿ, ತಿರುವು ಬರಲಿ, ಚಕ್ರವನ್ನು ನೆಲಕ್ಕೆ ಅಂಟಿಸಿ ಹಿಡಿಯಬೇಕು. ಕಾರಿನ ಒಂದು ಟೈರು ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು. ಬ್ರೇಕ್ ಹಿಡಿಯುವುದು, ಹ್ಯಾಂಡಲ್ ತಿರುಗಿದ ಕಡೆ ಗಾಡಿ ತಿರುಗುವುದು, ಎಲ್ಲವೂ ಆ ಅಂಗೈಯಷ್ಟು ಜಾಗದ ಮೇಲೆ ನಿಂತಿದೆ. ಆ ಹಿಡಿತ ತಪ್ಪಿದರೆ ಎಂಥ ಡ್ರೈವರ್ ಆದರೂ ಬರೀ ಪ್ರಯಾಣಿಕನೇ.

ಶಾಕ್ ಅಬ್ಸಾರ್ಬರ್‌ನ ಕೆಲಸವೂ ಇಲ್ಲಿಯೇ ಬರುತ್ತದೆ. ಸ್ಪ್ರಿಂಗ್ ಒಮ್ಮೆ ಕುಗ್ಗಿದರೆ ಸುಮ್ಮನಿರುವುದಿಲ್ಲ, ಚೆಂಡಿನ ಹಾಗೆ ಪುಟಿಯುತ್ತಲೇ ಇರುತ್ತದೆ. ಪುಟಿಯುವ ಚಕ್ರ ಗಳಿಗೆಗೊಮ್ಮೆ ನೆಲ ಬಿಡುತ್ತದೆ. ಆ ಪುಟಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸೋರಿಹೋದರೆ ಗಾಡಿ ಓಡುವುದೇನೋ ಓಡುತ್ತದೆ. ತೊಂದರೆ ಗೊತ್ತಾಗುವುದು ತಿರುವಿನಲ್ಲಿ.

1959: ಎರಡು ದೇಶ, ಒಂದೇ ದೋಷ

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಕಾರುಗಳು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತ, ಅಗಲವಾಗುತ್ತ ಹೋದವು. ಪೆಟ್ರೋಲ್ ಅಗ್ಗ. ರಸ್ತೆಗಳು ಅಗಲ, ನೂರಾರು ಮೈಲಿ ನೇರ. ಆದರೆ ಯುರೋಪಿನ ಸಣ್ಣ ಕಾರುಗಳು ಅಲ್ಲಿಗೂ ಬಂದು ಮಾರಾಟವಾಗತೊಡಗಿದಾಗ ದೊಡ್ಡ ಕಂಪನಿಗಳಿಗೆ ಬಿಸಿ ತಟ್ಟಿತು. 1959ರ ಕೊನೆಯಲ್ಲಿ ಮೂರೂ ಕಂಪನಿಗಳು ತಮ್ಮ ‘ಕಾಂಪ್ಯಾಕ್ಟ್’ ಕಾರುಗಳನ್ನು ತಂದವು. ಫೋರ್ಡ್‌ನ ಫಾಲ್ಕನ್, ಕ್ರೈಸ್ಲರ್‌ನ ವ್ಯಾಲಿಯಂಟ್, ಜನರಲ್ ಮೋಟಾರ್ಸ್‌ನ ಷೆವ್ರೊಲೆ ಕೊರ್ವೇರ್.

ಮೂರರಲ್ಲಿ ಕೊರ್ವೇರ್ ಬೇರೆಯೇ ತರಹದ ಕಾರು. ಅದರ ಇಂಜಿನ್ ಹಿಂಭಾಗದಲ್ಲಿತ್ತು. ಕಾರಿನ ಒಟ್ಟು ತೂಕದಲ್ಲಿ ನೂರಕ್ಕೆ ಅರವತ್ತು ಪಾಲಿಗಿಂತ ಹೆಚ್ಚು ಹಿಂದಿನ ಚಕ್ರಗಳ ಮೇಲೆಯೇ ಬೀಳುತ್ತಿತ್ತು. ಆ ಹಿಂದಿನ ಚಕ್ರಗಳನ್ನು ಹಿಡಿದಿದ್ದ ವಿಧಾನದ ಹೆಸರು ಸ್ವಿಂಗ್ ಆ್ಯಕ್ಸಲ್.

ಸ್ವಿಂಗ್ ಆ್ಯಕ್ಸಲ್ ಎಂದರೇನು? ಎತ್ತಿನ ಗಾಡಿಯ ಅಚ್ಚು ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ತುಂಡು. ಅದನ್ನು ನಡುವೆ ಕತ್ತರಿಸಿ, ಎರಡು ತುಂಡಿಗೂ ನಡುವೆ ಬಾಗಿಲ ಕೀಲಿನ ಹಾಗೆ ಒಂದೊಂದು ಕೀಲು ಇಟ್ಟಿದ್ದಾರೆ ಎಂದುಕೊಳ್ಳಿ. ಎಡಗಡೆ ಚಕ್ರ ಹಳ್ಳಕ್ಕೆ ಇಳಿದರೆ ಎಡ ತುಂಡು ಮಾತ್ರ ಅಲುಗುತ್ತದೆ, ಬಲ ಚಕ್ರ ಹಾಗೇ ಇರುತ್ತದೆ. ನೇರ ರಸ್ತೆಯಲ್ಲಿ ಇದು ಬಲು ಸುಖ.

ತೊಂದರೆ ಜೋರು ತಿರುವಿನಲ್ಲಿ. ತಿರುವಿನ ಹೊರಮೈಯಲ್ಲಿರುವ ಹಿಂದಿನ ಚಕ್ರದ ಮೇಲೆ ಅಡ್ಡಡ್ಡ ಒತ್ತಡ ಬೀಳುತ್ತದೆ. ಆಗ ಕಾರಿನ ಹಿಂಭಾಗ ಮೇಲಕ್ಕೆ ಏಳುತ್ತದೆ, ಚಕ್ರದ ತಳಭಾಗ ಕಾರಿನ ಹೊಟ್ಟೆಯ ಕಡೆಗೆ ಮಡಚಿಕೊಳ್ಳುತ್ತದೆ. ನಡೆಯುವಾಗ ಪಾದ ಒಳಕ್ಕೆ ಹೊರಳಿದರೆ ಹೇಗೋ ಹಾಗೆ. ಟೈರು ತನ್ನ ಅಂಚಿನ ಮೇಲೆ ನಿಲ್ಲುತ್ತದೆ, ಹಿಡಿತ ಹೋಗುತ್ತದೆ, ಕಾರಿನ ಹಿಂಭಾಗ ಹೊರಕ್ಕೆ ಎಸೆದಂತೆ ಜಾರುತ್ತದೆ.

ಇದನ್ನು ತಡೆಯಲು ಕಂಪನಿ ಕಂಡುಕೊಂಡ ದಾರಿ ಟೈರಿನ ಗಾಳಿ. ಮುಂದಿನ ಟೈರುಗಳಿಗೆ 15 ಪೌಂಡ್, ಹಿಂದಿನವಕ್ಕೆ 26 ಪೌಂಡ್ ಗಾಳಿ ಹಾಕಬೇಕು ಎಂದು ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಬರೆದಿತ್ತು. ಮುಂದೆ ಗಾಳಿ ಕಡಿಮೆ ಇದ್ದರೆ ಮುಂಭಾಗ ನಿಧಾನಕ್ಕೆ ತಿರುಗುತ್ತದೆ, ಹಿಂಭಾಗ ಜಾರುವ ಸಂದರ್ಭ ಕಡಿಮೆಯಾಗುತ್ತದೆ. ಲೆಕ್ಕ ಸರಿಯೇ. ಆದರೆ ಆ ಪುಸ್ತಕ ಓದುವವರು ಯಾರು? ಬೇರೆ ಕಾರುಗಳಿಗೆ ನಾಲ್ಕೂ ಚಕ್ರಕ್ಕೆ ಹೆಚ್ಚುಕಡಿಮೆ ಒಂದೇ ಗಾಳಿ. ಪೆಟ್ರೋಲ್ ಬಂಕಿನ ಹುಡುಗ ಇದಕ್ಕೂ ಹಾಗೇ ಹಾಕುತ್ತಾನೆ. ಅಲ್ಲಿಗೆ ಆ ಮನೆಯವರ ಪ್ರಾಣ ಗಾಳಿ ಹಾಕುವ ಹುಡುಗನ ಕೈಯಲ್ಲಿ.

ಅದಕ್ಕೆ ಸರಿಯಾದ ಮದ್ದು ಇರಲಿಲ್ಲವೇ? ಇತ್ತು. ಎರಡು ಬದಿಯ ಚಕ್ರಗಳ ನಡುವೆ ಅಡ್ಡಲಾಗಿ ಒಂದು ಉಕ್ಕಿನ ಸರಳು ಹಾಕಿದರೆ ಕಾರು ಒಂದು ಕಡೆಗೆ ವಾಲುವುದು ಕಡಿಮೆಯಾಗುತ್ತದೆ. ಖರ್ಚು ಕೆಲವೇ ಡಾಲರ್. ಮೊದಲ ನಾಲ್ಕು ವರ್ಷದ ಕೊರ್ವೇರ್‌ಗಳು ಆ ಸರಳು ಇಲ್ಲದೆ ಹೊರಬಂದವು. 1964ರ ಮಾಡೆಲ್‌ಗೆ ಅದು ಬಂತು, ಹಿಂದೆ ಅಡ್ಡಲಾಗಿ ಒಂದು ಲೀಫ್ ಸ್ಪ್ರಿಂಗೂ ಬಂತು. 1965ರಲ್ಲಿ ಹಿಂದಿನ ಸಸ್ಪೆನ್ಶನ್ ಪೂರ್ತಿ ಬದಲಾಯಿತು. ಅಷ್ಟರಲ್ಲಿ ಹಳೆಯ ಕಾರುಗಳು ಲಕ್ಷಗಟ್ಟಲೆ ರಸ್ತೆಯ ಮೇಲಿದ್ದವು.

1965ರ ನವೆಂಬರಿನಲ್ಲಿ ರಾಲ್ಫ್ ನೇಡರ್ ಎಂಬ ಮೂವತ್ತೊಂದು ವರ್ಷದ ವಕೀಲ ಕಾರುಗಳ ಸುರಕ್ಷತೆಯ ಬಗ್ಗೆ ಒಂದು ಪುಸ್ತಕ ಬರೆದ. ಮೊದಲ ಅಧ್ಯಾಯವೇ ಕೊರ್ವೇರ್. ಅವನ ವಾದ ಸರಳ. ಅಪಘಾತವಾದಾಗಲೆಲ್ಲ ನಾವು ಡ್ರೈವರ್‌ನ ತಪ್ಪು ಹುಡುಕುತ್ತೇವೆ, ಗಾಡಿಯನ್ನು ಹಾಗೆ ಮಾಡಿ ಕಳಿಸಿದವರನ್ನು ಯಾರೂ ಕೇಳುವುದಿಲ್ಲ. ಜನರಲ್ ಮೋಟಾರ್ಸ್ ಅವನ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. ಅದು ಬಯಲಾಗಿ, 1966ರ ಮಾರ್ಚಿನಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಶ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು. ಕಾರು ಹೇಗಿರಬೇಕು ಎಂದು ಸರ್ಕಾರ ಕಂಪನಿಗಳಿಗೆ ಹೇಳುವ ಕಾಲ ಅಲ್ಲಿ ಶುರುವಾಯಿತು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಅಮೆರಿಕ ಸರ್ಕಾರ 1960–63ರ ಕೊರ್ವೇರ್‌ಗಳನ್ನು ಆಮೇಲೆ ಪರೀಕ್ಷೆ ಮಾಡಿಸಿತು. ಆ ಕಾಲದ ಬೇರೆ ಕಾರುಗಳಿಗಿಂತ ಇದೇನೂ ಹೆಚ್ಚು ಅಪಾಯದ್ದಲ್ಲ ಎಂದು 1972ರಲ್ಲಿ ವರದಿ ಬಂತು. ಕಂಪನಿಯ ಅಭಿಮಾನಿಗಳು ಇದನ್ನು ಗೆಲುವು ಎನ್ನುತ್ತಾರೆ. ನನಗೆ ಅದು ಬೇರೆ ಥರ ಕೇಳಿಸುತ್ತದೆ. ಇದೊಂದೇ ಕೆಟ್ಟದ್ದಲ್ಲ ಎಂದರೆ, ಆ ಕಾಲದ ಉಳಿದ ಕಾರುಗಳೂ ಅಷ್ಟಕ್ಕಷ್ಟೇ ಇದ್ದವು ಎಂದಾಯಿತಲ್ಲ.

ಓಡೋಕೆ ಗೊತ್ತು, ತಿರುಗೋಕೆ ಗೊತ್ತಿಲ್ಲ

ಆ ಉಳಿದ ಕಾರುಗಳನ್ನೂ ಒಮ್ಮೆ ನೋಡೋಣ. ಫೋರ್ಡ್‌ನ ಫಾಲ್ಕನ್ ಸಾದಾ ಮನೆಮಂದಿಯ ಕಾರು, ಸಣ್ಣ ಇಂಜಿನ್‌ಗೆಂದು ಮಾಡಿದ್ದು. 1964ರ ಏಪ್ರಿಲ್‌ನಲ್ಲಿ ಅದರ ಅಡಿಪಾಯದ ಮೇಲೆಯೇ ಹೊಸ ಮೈ ಕೂರಿಸಿ ಮಸ್ಟ್ಯಾಂಗ್ ಎಂಬ ಕಾರು ತಂದರು. ಹುಡುಗರು ಮುಗಿಬಿದ್ದರು. ಅದೇ ವರ್ಷ ಪಾಂಟಿಯಾಕ್ ಕಂಪನಿ ತನ್ನ ಮಧ್ಯಮ ಗಾತ್ರದ ಕಾರಿಗೆ ಆರೂವರೆ ಲೀಟರಿನಷ್ಟು ದೊಡ್ಡ ಇಂಜಿನ್ ಇಟ್ಟು ಜಿಟಿಒ ಎಂದು ಹೆಸರಿಟ್ಟಿತು. ಹೋಲಿಕೆಗೆ ಹೇಳುವುದಾದರೆ ನಮ್ಮ ಮಾರುತಿ 800ರ ಇಂಜಿನ್ ಒಂದು ಲೀಟರೂ ಇಲ್ಲ. ಇಂಥ ಕಾರುಗಳಿಗೆ ‘ಮಸಲ್ ಕಾರ್’ ಎಂಬ ಹೆಸರು ಬಿತ್ತು. ಮಸಲ್ ಎಂದರೆ ತೋಳಿನ ಬಲ.

ತೋಳು ಬಲವಾಯಿತು, ಕಾಲು ಹಳೆಯದೇ ಉಳಿಯಿತು. ಮುಂದೆ ಭಾರಿ ಇಂಜಿನ್, ಹಿಂದೆ ಹಗುರ. ಹಿಂದಿನ ಅಚ್ಚು ಲಾರಿಯದರಂತೆ ಒಂದೇ ತುಂಡು, ಹಲವು ಕಾರುಗಳಲ್ಲಿ ಲೀಫ್ ಸ್ಪ್ರಿಂಗ್ ಮೇಲೆ ಕೂತದ್ದು. ಮೊದಲ ಮಸ್ಟ್ಯಾಂಗ್‌ಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಡಿಸ್ಕ್ ಬೇಕಾದರೆ ಬೇರೆ ದುಡ್ಡು. ತಿರುವಿಗೆ ಬಂದರೆ ಭಾರದ ಮೂತಿ ನೇರಕ್ಕೇ ಹೋಗುತ್ತೇನೆ ಎನ್ನುತ್ತಿತ್ತು. ಘಾಟಿಯಲ್ಲಿ ಎರಡು ಮೂರು ಸಲ ಜೋರಾಗಿ ಬ್ರೇಕ್ ಒತ್ತಿದರೆ ಡ್ರಮ್ ಕಾದು ಹಿಡಿಯುವುದನ್ನೇ ಬಿಡುತ್ತಿತ್ತು.

ಇನ್ನೊಂದು ತೊಂದರೆ ಟ್ರ್ಯಾಕ್ಟರ್ ಓಡಿಸಿದವರಿಗೆ ಬೇಗ ಗೊತ್ತಾಗುತ್ತದೆ. ಕೆಸರಲ್ಲಿ ಭಾರ ಎಳೆಯುವಾಗ ಟ್ರ್ಯಾಕ್ಟರಿನ ಮೂತಿ ಮೇಲಕ್ಕೆ ಏಳುತ್ತದಲ್ಲ? ಹಿಂದಿನ ಅಚ್ಚು ಚಕ್ರವನ್ನು ಒಂದು ಕಡೆಗೆ ತಿರುಗಿಸಿದರೆ, ಅಚ್ಚಿನ ಪೆಟ್ಟಿಗೆ ಉಲ್ಟಾ ಕಡೆಗೆ ತಿರುಗಲು ನೋಡುತ್ತದೆ. ಮಸಲ್ ಕಾರಿನಲ್ಲೂ ಆಕ್ಸಿಲರೇಟರ್ ಒಮ್ಮೆಲೇ ಒತ್ತಿದರೆ ಆ ಬಲಕ್ಕೆ ಲೀಫ್ ಸ್ಪ್ರಿಂಗ್ ಹಾವಿನ ಹಾಗೆ ತಿರುಚಿಕೊಂಡು, ಮತ್ತೆ ಬಿಚ್ಚಿಕೊಂಡು, ಚಕ್ರ ಕುಪ್ಪಳಿಸುತ್ತಿತ್ತು. 1967ರ ಷೆವ್ರೊಲೆ ಕಮಾರೊಗೆ ಹಿಂದಿನ ಸ್ಪ್ರಿಂಗಿನಲ್ಲಿ ಇದ್ದದ್ದು ಪಕ್ಕಕ್ಕೆ ಒಂದೇ ಒಂದು ಪಟ್ಟಿ. ಚಕ್ರ ಕುಪ್ಪಳಿಸುವ ದೂರು ಹೆಚ್ಚಾಗಿ, 1968ರಲ್ಲಿ ಹೆಚ್ಚು ಬಲದ ಇಂಜಿನ್‌ನ ಕಾರುಗಳಿಗೆ ಹಲವು ಪಟ್ಟಿಯ ಸ್ಪ್ರಿಂಗ್ ಕೊಟ್ಟರು. ಜಾಲಹಳ್ಳಿ ಕ್ರಾಸಿನ ನಮ್ಮ ಮೇಸ್ತ್ರಿಗೆ ಇದನ್ನು ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು. “ಒಂದು ಪಟ್ಟಿ ಮೇಲೆ ಅಷ್ಟು ದೊಡ್ಡ ಇಂಜಿನ್ನಾ? ನಮ್ಮ ಟೆಂಪೊದವ್ನೂ ಒಪ್ಪಲ್ಲ ಬಿಡಿ.”

ಹಾಗೆಂದು ಮದ್ದು ಕಷ್ಟದ್ದೇನೂ ಆಗಿರಲಿಲ್ಲ. ಕ್ಯಾರಲ್ ಶೆಲ್ಬಿ ಎಂಬ ರೇಸ್ ಓಡಿಸುವವ 1965ರಲ್ಲಿ ಮಸ್ಟ್ಯಾಂಗ್‌ಗಳನ್ನು ತಿದ್ದಿ ಮಾರುವಾಗ ಮಾಡಿದ ಮುಖ್ಯ ಕೆಲಸಗಳಲ್ಲಿ ಒಂದು, ಮುಂದಿನ ಚಕ್ರ ಹಿಡಿದಿರುವ ಮೇಲಿನ ತೋಳಿನ ಕೀಲನ್ನು ಒಂದು ಇಂಚು ಕೆಳಗೆ ಇಳಿಸಿದ್ದು. ಎರಡು ರಂಧ್ರ ಬೇರೆ ಕಡೆ ಕೊರೆದರೆ ಆಗುವ ಕೆಲಸ. ಜೊತೆಗೆ ದಪ್ಪನೆಯ ಅಡ್ಡ ಸರಳು, ಒಳ್ಳೆಯ ಶಾಕ್ ಅಬ್ಸಾರ್ಬರ್. ಅದೇ ಕಾರು ತಿರುವಿನಲ್ಲಿ ಹೇಳಿದ ಮಾತು ಕೇಳತೊಡಗಿತು. ಅಂದರೆ ತಿಳಿವಳಿಕೆ ಇತ್ತು. ಅದು ಹೆಚ್ಚು ದುಡ್ಡು ಕೊಡುವವರ ಕಾರಿಗೆ ಮಾತ್ರ ಹೋಯಿತು.

ನಮ್ಮ ರಸ್ತೆಯ ಹೆರಾಲ್ಡ್

ಈಗ ನಮ್ಮ ಕಡೆ ಬರೋಣ. ಆ ಕಾಲದಲ್ಲಿ ವಿದೇಶಿ ಕಾರು ತರಿಸಲು ಸರ್ಕಾರದ ಬಿಗಿ ಕಟ್ಟುಪಾಡು ಇತ್ತು. ನಮ್ಮ ಊರುಗಳಿಗೆ ಬರುತ್ತಿದ್ದ ಕಾರುಗಳು ಮೂರೇ: ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ಮೊದಲ ಎರಡಕ್ಕೆ ಹಿಂದೆ ಒಂದೇ ತುಂಡಿನ ಅಚ್ಚು, ಲೀಫ್ ಸ್ಪ್ರಿಂಗ್. ಮೂರನೆಯದರ ಕಥೆ ಬೇರೆ.

ಹೆರಾಲ್ಡ್ ಬ್ರಿಟನ್ನಿನ ಟ್ರಯಂಫ್ ಕಂಪನಿಯ ಕಾರು. ಅಲ್ಲಿ ಬಿಡುಗಡೆಯಾದದ್ದು 1959ರಲ್ಲಿ, ಕೊರ್ವೇರ್ ಬಂದ ವರ್ಷವೇ. ಇದರ ಹಿಂದಿನ ಚಕ್ರಗಳಿಗೂ ಅದೇ ಸ್ವಿಂಗ್ ಆ್ಯಕ್ಸಲ್. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಇದನ್ನು ನಮ್ಮ ದೇಶದಲ್ಲಿ ತಯಾರಿಸಿತು. 948 ಸಿಸಿ ಇಂಜಿನ್, ನೋಡಲು ಚೆಂದ, ಸಣ್ಣ ಓಣಿಯಲ್ಲೂ ಗರಗರ ತಿರುಗುವ ಗಾಡಿ.

ಕೊರ್ವೇರ್‌ಗೂ ಹೆರಾಲ್ಡ್‌ಗೂ ಒಂದು ವ್ಯತ್ಯಾಸವಿತ್ತು. ಹೆರಾಲ್ಡ್‌ನ ಇಂಜಿನ್ ಮುಂದೆ, ಬಲವೂ ಕಡಿಮೆ. ಹಾಗಾಗಿ ದೋಷ ಬಾಯಿ ತೆರೆಯುವ ಸಂದರ್ಭ ಕಡಿಮೆ. ಆದರೆ ನಮ್ಮ ರಸ್ತೆ ಬೇರೆ ಥರ ಪರೀಕ್ಷೆ ಮಾಡಿತು. ನಾಲ್ಕು ಜನರ ಕಾರಿನಲ್ಲಿ ಏಳು ಜನ ಕೂತು, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇಟ್ಟರೆ ಹಿಂದಿನ ಎರಡು ಚಕ್ರಗಳ ತಲೆ ಒಳಕ್ಕೆ ಬಾಗಿ, ಕಾಲು ಹೊರಕ್ಕೆ ಚಾಚಿಕೊಳ್ಳುತ್ತಿತ್ತು. ಟೈರಿನ ಒಳ ಅಂಚು ಮಾತ್ರ ಸವೆಯುತ್ತಿತ್ತು. ಹಳ್ಳ, ಗುಂಡಿ, ಜಲ್ಲಿ ರಸ್ತೆಯಲ್ಲಿ ಕೀಲು ಹೆಚ್ಚಿದ್ದಷ್ಟೂ ರಿಪೇರಿ ಹೆಚ್ಚು.

1972ರಲ್ಲಿ ಅದೇ ಮದ್ರಾಸಿನ ಕಂಪನಿ ಗಝೆಲ್ ಎಂಬ ಕಾರು ತಂದಿತು. ಇಂಜಿನ್ ಅದೇ 948 ಸಿಸಿ. ಆದರೆ ಸ್ವಿಂಗ್ ಆ್ಯಕ್ಸಲ್ ತೆಗೆದು, ಅಂಬಾಸಿಡರ್, ಫಿಯೆಟ್‌ಗಳ ಹಾಗೆ ಒಂದೇ ತುಂಡಿನ ಅಚ್ಚು ಇಟ್ಟಿದ್ದರು. ಬ್ರಿಟನ್ನಿನಲ್ಲಿ ಟ್ರಯಂಫ್ ಎಂಜಿನಿಯರ್‌ಗಳು ಸ್ವಿಂಗ್ ಆ್ಯಕ್ಸಲ್ ಉಳಿಸಿಕೊಂಡೇ ಅದರ ಸ್ಪ್ರಿಂಗ್ ಹಿಡಿಯುವ ವಿಧಾನ ತಿದ್ದಿ, 1970ರಲ್ಲಿ ತಮ್ಮ ಸ್ಪಿಟ್‌ಫೈರ್ ಎಂಬ ಕಾರಿಗೆ ಹಾಕಿದರು. ನಮ್ಮವರು ಹಿಡಿದದ್ದು ಜಟಕಾ ಗಾಡಿಯ ದಾರಿ. ಹಿಂದಕ್ಕೆ ಹೋದಂತೆ ಕಾಣುತ್ತದೆ. ಆದರೆ ಒಂದೇ ತುಂಡಿನ ಅಚ್ಚಿನಲ್ಲಿ ಭಾರ ಎಷ್ಟೇ ಇದ್ದರೂ ಎರಡು ಚಕ್ರವೂ ನೆಟ್ಟಗೆ ನಿಲ್ಲುತ್ತವೆ. ಪಟ್ಟಿ ಮುರಿದರೆ ಹೋಬಳಿಯ ಕುಲುಮೆಯಲ್ಲೂ ತಾತ್ಕಾಲಿಕ ಕೆಲಸ ನಡೆಯುತ್ತದೆ. ಗಾಡಿ ಯಾವ ರಸ್ತೆಯಲ್ಲಿ, ಎಷ್ಟು ಭಾರ ಹೊತ್ತು ಓಡುತ್ತದೆ ಎಂದು ನೋಡಿ ಮಾಡಿದ ತಿದ್ದುಪಡಿ ಅದು.

ಬೆಂಗಳೂರಿನ ನಾಲ್ಕನೇ ಚಕ್ರ

ಬೆಂಗಳೂರು ಕಾರಿನ ಊರಲ್ಲ ಎಂದು ಆಗ ಜನ ತಿಳಿದಿದ್ದರು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾದವು. ಎಚ್‌ಎಂಟಿ ಮಾಡುತ್ತಿದ್ದದ್ದು ಲೇತ್, ಮಿಲ್ಲಿಂಗ್ ಮೆಷಿನ್, ಅಂದರೆ ಬೇರೆ ಕಾರ್ಖಾನೆಗಳಿಗೆ ಬೇಕಾದ ಯಂತ್ರ. ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಲೋಹ ಕೊರೆಯುವ ಕೈಗಳು ಇಲ್ಲಿ ಸಾವಿರಾರು ತಯಾರಾದವು. ಪಕ್ಕದಲ್ಲಿ ಪೀಣ್ಯ ಬೆಳೆಯಿತು. ವಾಹನಗಳ ಬುಷ್, ಪಿನ್, ಬೋಲ್ಟು ಮಾಡುವ ಸಣ್ಣ ವರ್ಕ್‌ಶಾಪ್‌ಗಳು ಅಲ್ಲಿ ಇಂದಿಗೂ ಓಣಿ ಓಣಿಗೆ ಇವೆ.

ಇಂಥ ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಒಂದು ಕಾರು ಹುಟ್ಟಿತು. ಹೆಸರು ಬಾದಲ್. ಮಾಡಿದ್ದು ಸನ್‌ರೈಸ್ ಕಂಪನಿ, ಮುಂದೆ ಇದೇ ಸಿಪಾನಿ ಆಟೊಮೊಬೈಲ್ಸ್ ಎಂದು ಹೆಸರಾಯಿತು. ಬಾದಲ್‌ಗೆ ಫೈಬರ್ ಮೈ, ಹಿಂದೆ 198 ಸಿಸಿಯ ಪುಟ್ಟ ಇಂಜಿನ್, ಮತ್ತು ಮೂರೇ ಚಕ್ರ. ಮುಂದೆ ಒಂದು, ಹಿಂದೆ ಎರಡು, ಆಟೊದ ಹಾಗೆ.

ಮೂರು ಚಕ್ರ ಏಕೆ? ಖರ್ಚು ಕಡಿಮೆ, ತೂಕ ಕಡಿಮೆ, ಸ್ಟೀರಿಂಗ್ ಸರಳ. ಇನ್ನೊಂದು ಲಾಭವೂ ಇದೆ. ಮೂರು ಕಾಲಿನ ಸ್ಟೂಲನ್ನು ಎಂಥ ಉಬ್ಬುತಗ್ಗಿನ ನೆಲದ ಮೇಲಿಟ್ಟರೂ ಕುಲುಕುವುದಿಲ್ಲ. ನಾಲ್ಕು ಕಾಲಿನದಕ್ಕೆ ಅಡಿಗೆ ಕಾಗದ ಮಡಚಿ ಇಡಬೇಕು. ಆದರೆ ಅದೇ ಮೂರು ಕಾಲಿನ ಸ್ಟೂಲ್ ಮೇಲೆ ಕೂತು, ಎರಡು ಕಾಲುಗಳ ನಡುವಿನ ಖಾಲಿ ಜಾಗದ ಕಡೆಗೆ ವಾಲಿ ನೋಡಿ. ದಬಕ್ಕನೆ ಬೀಳುತ್ತೀರಿ.

ಮುಂದೆ ಒಂದೇ ಚಕ್ರವಿರುವ ಗಾಡಿಯಲ್ಲಿ ಆ ಖಾಲಿ ಜಾಗ ಇರುವುದು ಮುಂದಿನ ಎರಡು ಮೂಲೆಗಳಲ್ಲಿ. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಭಾರವೆಲ್ಲ ನೂಕಿಕೊಂಡು ಬರುವುದು ಸರಿಯಾಗಿ ಅಲ್ಲಿಗೇ, ಹೊರಗಡೆಯ ಮುಂದಿನ ಮೂಲೆಗೆ. ಅಲ್ಲಿ ಊರಲು ಚಕ್ರವಿಲ್ಲ. ಭಾರ ಎತ್ತರದಲ್ಲಿದ್ದಷ್ಟೂ, ಅಂದರೆ ಜನ ನಿಂತಿದ್ದಷ್ಟೂ, ಮಗುಚುವುದು ಸುಲಭ.

ಸಿಪಾನಿ ಕಂಪನಿ ಆಮೇಲೆ ಬಾದಲ್‌ಗೆ ನಾಲ್ಕನೇ ಚಕ್ರ ಕೊಟ್ಟಿತು. 1982ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಡಾಲ್ಫಿನ್ ಎಂಬ ಕಾರು ತಂದಿತು. ಇದು ಬ್ರಿಟನ್ನಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರಿನ ಮಾದರಿ. ತಮಾಷೆ ಎಂದರೆ ರಿಲಯಂಟ್‌ನವರೂ ಇದೇ ದಾರಿಯಲ್ಲಿ ನಡೆದಿದ್ದವರೇ. ಅವರ ಪ್ರಸಿದ್ಧ ಕಾರು ರಾಬಿನ್ ಮೂರು ಚಕ್ರದ್ದು. ಅದಕ್ಕೆ ನಾಲ್ಕನೇ ಚಕ್ರ ಸೇರಿಸಿ 1975ರಲ್ಲಿ ಮಾಡಿದ್ದೇ ಕಿಟನ್. ಮೂರು ಚಕ್ರದಲ್ಲಿ ಶುರು ಮಾಡಿದ ಎರಡು ಊರಿನ ಎರಡು ಕಂಪನಿಗಳು ನಾಲ್ಕನೇ ಚಕ್ರದ ಹತ್ತಿರ ಬಂದು ಸೇರಿದವು.

ಡಾಲ್ಫಿನ್‌ನ 848 ಸಿಸಿ ಇಂಜಿನ್ ಅಲ್ಯೂಮಿನಿಯಂನದು, ಮೈ ಫೈಬರ್‌ದು. ಹಾಗಾಗಿ ಕಾರು ತುಂಬ ಹಗುರ. ಮುಂದೆ ಎರಡೂ ಚಕ್ರಕ್ಕೆ ಬೇರೆ ಬೇರೆ ಕಾಯಿಲ್ ಸ್ಪ್ರಿಂಗ್, ಹಿಂದೆ ಅದೇ ಜಟಕಾ ಕಾಲದ ಲೀಫ್ ಸ್ಪ್ರಿಂಗ್. ದಕ್ಷಿಣ ಭಾರತದ ರ‍್ಯಾಲಿ ಓಡಿಸುವವರು ಈ ಪುಟ್ಟ ಕಾರನ್ನು ಕಂಡು ಖುಷಿಪಟ್ಟರು. ಇಂಜಿನ್ ಚಿಕ್ಕದಾದರೂ ಎಳೆಯಬೇಕಾದ ತೂಕವೂ ಕಡಿಮೆ, ತಿರುವಿನಲ್ಲಿ ಹಿಡಿದು ನಿಲ್ಲಿಸಬೇಕಾದ ತೂಕವೂ ಕಡಿಮೆ. ಅಮೆರಿಕದ ಮಸಲ್ ಕಾರು ಮಾಡಿದ್ದಕ್ಕೆ ಪೂರ್ತಿ ಉಲ್ಟಾ.

ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಮುಂದೆ ಎರಡು ಬಾಗಿಲಿನ ಫೈಬರ್ ಕಾರು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ನಾಲ್ಕು ಬಾಗಿಲಿನ ಮೊಂಟಾನ ಮಾಡಿ ನೋಡಿದರು, ಅದೂ ಉಳಿಯಲಿಲ್ಲ. ಇಂದು ಡಾಲ್ಫಿನ್ ಕಾಣಬೇಕಾದರೆ ಹಳೆ ಕಾರು ಇಟ್ಟುಕೊಳ್ಳುವವರ ಶೆಡ್ಡಿಗೆ ಹೋಗಬೇಕು.

ಕಾರಿಗೆ ನಾಲ್ಕನೇ ಚಕ್ರ ಬಂತು, ನಮಗೆ?

ಕಾರು ಕೊಳ್ಳುವವರಿಗೆ ಈ ನಲವತ್ತು ವರ್ಷದಲ್ಲಿ ಬಹಳ ಬದಲಾಗಿದೆ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ನಡೆಯುತ್ತಿದೆ. ಕಾರುಗಳಿಗೆ ಸುರಕ್ಷತೆಯ ನಕ್ಷತ್ರ ಕೊಡುತ್ತಾರೆ. ಜನ ಮೈಲೇಜ್ ಜೊತೆಗೆ ನಕ್ಷತ್ರವನ್ನೂ ಕೇಳುತ್ತಿದ್ದಾರೆ.

ಮೂರು ಚಕ್ರದ ಆಟೊಗೆ ಆ ನಕ್ಷತ್ರ ಇಲ್ಲ. ಹಳ್ಳಿಯ ನಾವು ದಿನಾ ಹತ್ತುವುದು ಅದನ್ನೇ. ಸಾಮಾನು ಸಾಗಿಸಲು ಮಾಡಿದ ಗಾಡಿಯಲ್ಲಿ ನಿಂತುಕೊಂಡು ಸಂತೆಗೆ, ಮದುವೆಗೆ, ತಿಥಿಗೆ ಹೋಗುತ್ತೇವೆ. ಹೊತ್ತಿಗೆ ಸರಿಯಾಗಿ ಬಸ್ಸಿಲ್ಲದ ಕಡೆ ಬೇರೆ ದಾರಿಯೂ ಇಲ್ಲ. ಮಗುಚಿದ ದಿನ ಹಾಕುವ ಕೇಸು ಅಜಾಗರೂಕ ಚಾಲನೆಯದು. ಹಿಂದೆ ಐಪಿಸಿ 279, ಈಗ ಬಿಎನ್‌ಎಸ್ 281. ಆ ಸೆಕ್ಷನ್ ಕೇಳುವುದು ಓಡಿಸಿದವನನ್ನು ಮಾತ್ರ.

ಕುಡಿದು ಓಡಿಸುವವರನ್ನು, ಫೋನ್ ಹಿಡಿದು ಓಡಿಸುವವರನ್ನು ನಾನು ಸಮರ್ಥಿಸುತ್ತಿಲ್ಲ. ಅವರ ತಪ್ಪು ಅವರದೇ. ಆದರೆ ಬಗ್ಗಿ ನೋಡದೆ ತೀರ್ಪು ಕೊಡುವುದೂ ತಪ್ಪೇ.

ಕಳೆದ ತಿಂಗಳು ಊರಿಗೆ ಹೋದಾಗ ಆ ಹುಡುಗನ ಮನೆಗೆ ಹೋದೆ. ಜಾಲಹಳ್ಳಿ ಮೇಸ್ತ್ರಿಯನ್ನೂ ಕಾಡಿ ಬೇಡಿ ಕರೆದುಕೊಂಡು ಹೋಗಿದ್ದೆ. ಗಾಡಿ ಹಿತ್ತಲಲ್ಲಿ ನಿಂತಿತ್ತು, ಬಿದ್ದ ದಿನದಿಂದ ಓಡಿಸಿಲ್ಲ. ಮೇಸ್ತ್ರಿ ಚಾಪೆ ಹಾಸಿ ಅಡಿಗೆ ಮಲಗಿದರು. ಎಡಗಡೆ ಹಿಂದಿನ ಶಾಕ್ ಅಬ್ಸಾರ್ಬರ್ ಒಣಗಿ ಕೂತಿತ್ತು. “ಇದು ಬಿದ್ದ ದಿನ ಸೋರಿದ್ದಲ್ಲ. ಹಳೇ ಎಣ್ಣೆ, ನೋಡಿ ಮಣ್ಣು ಹೆಂಗೆ ಮೆತ್ಕೊಂಡು ಗಟ್ಟಿಯಾಗಿದೆ,” ಎಂದರು. ರಬ್ಬರ್ ಬುಷ್ ಅರ್ಧ ಸವೆದಿತ್ತು. ಹಿಂದಿನ ಎರಡು ಟೈರು ಎರಡು ಥರದವು, ಒಂದು ಹೊಸದು, ಇನ್ನೊಂದು ಬೋಳು.

ಹುಡುಗ ತಲೆ ತಗ್ಗಿಸಿ ನಿಂತಿದ್ದ. “ಸಾಲದ ಕಂತು ಕಟ್ಟಿ ಉಳಿದಿದ್ರೆ ಮಾಡಿಸ್ತಿದ್ದೆ ಅಣ್ಣ,” ಎಂದ. ಅವನ ತಪ್ಪು ಇಲ್ಲವೆಂದಲ್ಲ. ಸರಕಿನ ಗಾಡಿಗೆ ಒಂಬತ್ತು ಜನರನ್ನು ಹತ್ತಿಸಿದ್ದು ಅವನೇ. ಹತ್ತಿದ್ದು ನಮ್ಮವರೇ. “ಇನ್ನೊಂದಿಬ್ರು ಹತ್ಕೊಳ್ಳಿ, ಏನಾಗಲ್ಲ” ಎಂದು ಹೇಳಿದ್ದು ತಾನೇ ಎಂದು ಚಿಕ್ಕಮ್ಮ ಆಮೇಲೆ ಒಪ್ಪಿಕೊಂಡರು.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಹುಡುಗನಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಯಲ್ಲಿ ಯಾವ ಗಾಡಿಯಿದ್ದರೂ ಉಪಯೋಗಕ್ಕೆ ಬರುತ್ತದೆ. ಗಾಳಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಡ, ಮೀಟರಿನಲ್ಲಿ ನೋಡು. ಗಾಡಿಯ ಮೂಲೆ ಒತ್ತಿ ಬಿಡು, ಒಂದು ಸಲ ಎದ್ದು ನಿಲ್ಲಬೇಕು, ಎರಡು ಮೂರು ಸಲ ಕುಣಿದರೆ ಶಾಕ್ ಹೋಗಿದೆ. ಟೈರಿನ ಒಂದೇ ಅಂಚು ಸವೆದಿದ್ದರೆ ಟೈರು ಬದಲಿಸಿ ಸುಮ್ಮನಾಗಬೇಡ, ಕಾರಣ ಅಡಿಯಲ್ಲಿದೆ. ಭಾರ ತಡೆಯಲಿ ಎಂದು ಲೆಕ್ಕವಿಲ್ಲದೆ ಪಟ್ಟಿ ಸೇರಿಸಿದರೆ ಖಾಲಿ ಓಡುವಾಗ ಗಾಡಿ ಕುಪ್ಪಳಿಸುತ್ತದೆ. ಭಾರ ಕೆಳಗಿರಲಿ. ಬ್ರೇಕ್ ತಿರುವಿಗೆ ಮೊದಲೇ ಹಿಡಿ, ತಿರುವಿನೊಳಗೆ ಹಿಡಿಯಬೇಡ.

ಶಾಕ್ ಅಬ್ಸಾರ್ಬರ್ ಎರಡೂ ಹೊಸದಾಗಿ ಹಾಕಿಸಲು ದುಡ್ಡು ನಾವು ಐದಾರು ಮನೆಯವರು ಸೇರಿ ಕೊಟ್ಟೆವು. ಚಿಕ್ಕಮ್ಮ ಕಟ್ಟು ಬಿಚ್ಚಿದ ಕೈಯಿಂದಲೇ ತಮ್ಮ ಪಾಲು ಎಣಿಸಿ ಕೊಟ್ಟರು. ಕೇಸು ಇನ್ನೂ ನಡೆಯುತ್ತಿದೆ.